ಒಂದು ಗೇಣು ಕಡಿಮೆ

ಕಲಮಜೂ ದಾಟಿದ ಮೇಲೆ ಕಿತ್ತಿರಬೇಕು.
ಹನ್ನೊಂದು ಮೈಲಿ ಅದು ಗಾಡಿಯ ಪಕ್ಕೆಗೆ ಬಡಿಯುತ್ತಲೇ ಬಂದಿದೆ,
ನಾವು ರೇಡಿಯೋದ ಗೊರಗೊರ ಅಂದುಕೊಂಡಿದ್ದೆವು.
ಲಾರಿಯವನೊಬ್ಬ ಹಾರ್ನ್ ಹೊಡೆದ, ಕೈಬೀಸಿದ,
ಕೊನೆಗೆ ತನ್ನ ಕಿವಿಯನ್ನೇ ಹಿಡಿದೆಳೆದು ತೋರಿಸಿದ.
ಇಳಿದು ನೋಡಿದರೆ ಅರ್ಧ ಅಂಚುಪಟ್ಟಿಯೇ ಇಲ್ಲ.
ಗೋಡೆಗೂ ಸೂರಿಗೂ ನಡುವೆ
ಬೆರಳು ತೂರುವಷ್ಟು ಬಾಯಿ.

ಎಪ್ಪತ್ತೆಂಟರ ಮೋಟಾರು ಮನೆ. ನಾವು ಐದನೆಯ ಒಡೆಯರು.
ಮೊದಲಿನವರು ಏನೇನೋ ಬಿಟ್ಟುಹೋಗಿದ್ದಾರೆ:
ಒಬ್ಬರು ಚುಟ್ಟದ ವಾಸನೆ, ಒಬ್ಬರು ಹೂಹೂವಿನ ಪರದೆ,
ಒಬ್ಬರು ಕಪಾಟಿನ ಒಳಬಾಗಿಲಲ್ಲಿ, ಪೆನ್ಸಿಲಿನಲ್ಲಿ,
'ಮಳೆ ಬಂದರೆ ಎಡಕ್ಕೆ ಮಲಗಿ.'
ನಾಲ್ಕನೆಯವರು ಏನೂ ಬಿಡಲಿಲ್ಲ, ಜಾಕನ್ನೂ.

ಉಳಿದ ಪಟ್ಟಿಯಿಂದ ಡೆಲ್ಮರ್ ಬೆರಳುದ್ದ ಕೊಯ್ದುಕೊಟ್ಟ.
ನನ್ನ ಕೈಚೀಲದಲ್ಲಿ, ಬಾಚಣಿಗೆಯ ಪಕ್ಕ,
ಬೇಸಿಗೆಯೆಲ್ಲ ಅದು ಊರೂರು ತಿರುಗಿತು.
ಎಲ್ಕಾರ್ಟ್, ಗೋಶೆನ್, ಬ್ರಿಸ್ಟಲ್.
ಇಂಥ ಗಾಡಿಗಳು ಹುಟ್ಟುವ ಊರುಗಳೇ ಇವು,
ಸಿಕ್ಕೇ ಸಿಗುತ್ತದೆ ಅಂದಿದ್ದರು.
ಗೋದಾಮಿನ ಹುಡುಗರು ಕೇಳುವರು:
ಅಗಲ ಮುಕ್ಕಾಲೋ, ಒಂದೋ?
ತುಟಿ ಒಂಟಿಯೋ, ಜೋಡಿಯೋ?
ಒಳಮೂಲೆ ಚೂಪೋ, ದುಂಡೋ?
ಬಣ್ಣ?
ಕಂದು, ಅಂದೆ ನಾನು.
ಕೆಂಪು, ಅಂದ ಡೆಲ್ಮರ್.
ಹುಡುಗರು ಇಬ್ಬರನ್ನೂ ನೋಡಿ ಪೆನ್ನು ಕೆಳಗಿಟ್ಟರು.

ಹೊಸದಾಗಿ ಅಚ್ಚು ಕೊರೆಸಬಹುದು, ಅಂದನೊಬ್ಬ,
ಬೆಲೆಯನ್ನೂ ಹೇಳಿದ. ಮೂಗಿಗಿಂತ ಮೂಗುತಿ ಭಾರ.
ಅಷ್ಟು ದುಡ್ಡಿಗೆ ಇಂಥವೇ ಎರಡು ಗಾಡಿ ಬರುತ್ತವೆ,
ಎರಡೂ ಸೋರುತ್ತವೆ.

ನ್ಯಾಪನಿಯ ಹಳೇ ಸಾಮಾನಿನ ಅಂಗಡಿಯಲ್ಲಿ
ಗಲ್ಲಾದ ಹಿಂದೆ ಕೂತಿದ್ದವಳು ಆರ್ಡಿಸ್ ಸ್ಟುಟ್ಸ್‌ಮನ್.
ತುಣುಕನ್ನು ಇಸಿದುಕೊಂಡಳು, ಕನ್ನಡಕ ತೆಗೆದಿಟ್ಟಳು.
ನೋಡಲೇ ಇಲ್ಲ. ಹೆಬ್ಬೆರಳಿನಿಂದ ಒಂದು ಸಲ ಸವರಿ,
'ನಮ್ಮದು,' ಅಂದಳು.
'ಮೂರನೇ ಸಾಲಿನ ಯಂತ್ರ. ಬಿಸಿಬಿಸಿ ಹೊರಬರುತ್ತಿತ್ತು,
ನಾನು ತುದಿ ಹಿಡಿದು ಎಳೆದುಕೊಂಡು ಹಿಂದಕ್ಕೆ ನಡೆಯಬೇಕು.
ಹತ್ತೊಂಬತ್ತು ವರ್ಷ ಹಿಂದಕ್ಕೇ ನಡೆದಿದ್ದೇನೆ.'
ಅಚ್ಚು? ಗುಜರಿಗೆ ಹೋಯಿತು, ಕಾರ್ಖಾನೆಯ ಜೊತೆಗೇ.
ಕಡೆಯ ತಿಂಗಳ ಸಂಬಳದ ಬದಲು
ಕೈಗೆ ಸಿಕ್ಕಿದ್ದನ್ನು ಒಯ್ಯಿರಿ ಅಂದರಂತೆ.
ಒಯ್ದಳು.

ಮನೆಯ ಹಿಂದೆ ಹುರುಳಿಕಾಯಿ ಪಾತಿ.
ಇಪ್ಪತ್ತು ಗೂಟ, ಸಾಲಾಗಿ, ಆಳೆತ್ತರ.
ಎಲೆ ಸರಿಸಿ ನೋಡಿದೆ: ತುಟಿ ಜೋಡಿ, ಒಳಮೂಲೆ ದುಂಡು.
ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅನ್ನುತ್ತಾರಲ್ಲ,
ಇಲ್ಲಿ ನಮ್ಮ ಕಾಲಿಗಲ್ಲ,
ಹುಡುಕುತ್ತಿದ್ದದ್ದಕ್ಕೇ ತೊಡರಿಕೊಂಡಿದೆ ಬಳ್ಳಿ,
ಸುತ್ತಿನ ಮೇಲೆ ಸುತ್ತು.

ಡೆಲ್ಮರ್ ಪರ್ಸಿಗೆ ಕೈಹಾಕಿದ.
'ಈಗಲ್ಲ,' ಅಂದಳು ಆರ್ಡಿಸ್, 'ಇನ್ನೂ ಹೂ ಬಿಡುತ್ತಿದೆ.
ಮೊದಲ ಇಬ್ಬನಿ ಗಟ್ಟಿಯಾದ ಮೇಲೆ ಬನ್ನಿ.
ಬರುವಾಗ ಇಪ್ಪತ್ತು ಗಳು ತನ್ನಿ, ನೆಟ್ಟಗಿರಲಿ.'
ಬಣ್ಣ ಯಾವುದಮ್ಮ ಇದು, ಕೇಳಿಯೇಬಿಟ್ಟೆ.
ಡಬ್ಬಿಯ ಮೇಲೆ ನಲವತ್ತೊಂದು ಅಂತಿತ್ತು, ಅಷ್ಟೆ.

ಎರಡು ತಿಂಗಳು ಟೇಪು ಅಂಟಿಸಿಕೊಂಡು ಓಡಾಡಿದೆವು,
ಹಲ್ಲುನೋವಿಗೆ ಕೆನ್ನೆ ಕಟ್ಟಿಕೊಂಡವರಂತೆ.
ಅಕ್ಟೋಬರಿನಲ್ಲಿ ಗಳುಗಳನ್ನು ಸೂರಿಗೆ ಬಿಗಿದು ಹೋದೆವು.
ಒಣಬಳ್ಳಿ ಬಿಡಿಸುವುದಕ್ಕೆ ಮಧ್ಯಾಹ್ನವೆಲ್ಲ ಬೇಕಾಯಿತು.
ಬಳ್ಳಿ ಮುಚ್ಚಿದ್ದಲ್ಲಿ ಕೆಂಪು, ಬಿಸಿಲು ಬಿದ್ದಲ್ಲಿ ಕಂದು.
ಇಬ್ಬರೂ ಏನೂ ಮಾತಾಡಲಿಲ್ಲ.

ಮಣ್ಣು ತಿಂದ ತುದಿಗಳನ್ನು ಕೊಯ್ದು, ಅಂಟು ಬಳಿದು,
ಮೊಳೆ ತಿರುಪಿ, ಮುಂದಿನಿಂದ ಹಿಂದಕ್ಕೆ ಬಂದೆವು.
ಹಿಂದಿನ ಮೂಲೆಗೆ ಒಂದು ಗೇಣು ಕಡಿಮೆ ಬಿತ್ತು.
ಇನ್ನೊಂದು ಗೂಟ ಕೇಳಲು ಮುಖವಿರಲಿಲ್ಲ.
ಅಲ್ಲಿ ಈಗಲೂ ಟೇಪೇ ಇದೆ.

ಭಾನುವಾರ ರಾತ್ರಿ ಮಳೆ ಬಂತು.
ಡೆಲ್ಮರ್ ಹಟಕ್ಕೆ ಬಲಕ್ಕೆ ಮಲಗಿದ.
ನಾನು ಎಡಕ್ಕೇ.