ಬೈತಖೋಲದ ಬರ್ಫ

ತಿಂಗಳಿಗೊಂದು ಸೂಜಿ.
ಮಣಿಪಾಲದಿಂದ ಥರ್ಮಾಕೋಲಿನಲ್ಲಿ ಬರುತ್ತದೆ;
ಕಾರವಾರ ಮುಟ್ಟುವಾಗ ಬರ್ಫ ಕರಗಿದ್ದರೆ
ಬೈತಖೋಲಕ್ಕೆ ಓಡುತ್ತೇನೆ,
ಇಸ್ವಣದ ಪೆಟ್ಟಿಗೆಗೆ ಹಾಕಿ ಉಳಿದ ಚೂರು ಕೇಳಲು.

ದೋಣಿ ಕಟ್ಟುವ ಇವರ ಬೆನ್ನಿನ
ಹನ್ನೊಂದನೇ ಮಣಿಯಲ್ಲಿ ಗಡ್ಡೆ.
"ಈಗಲೇ ಕೊಯ್ದರೆ ರಕ್ತ ನಿಲ್ಲದು," ಅಂದರು ಡಾಕ್ಟರು,
"ಮೊದಲು ಮದ್ದು. ಗಟ್ಟಿಯಾಗಲಿ, ಅಂಚು ಕಟ್ಟಲಿ."
ಗಟ್ಟಿಯಾಗುವುದೇ? ನಾನು ಬೆದರಿದೆ.
ಇವರು ಮಾತ್ರ ತಲೆಯಾಡಿಸಿದರು:
ನೆನೆದ ಹಲಗೆಗೆ ಗರಗಸ ಇಡಬಾರದು,
ನಾರು ಹರಿಯುತ್ತದೆ.

ಆರನೆಯ ಸೂಜಿಯ ನಂತರದ ಫೋಟೋ.
ಗಡ್ಡೆಯ ಸುತ್ತ ಬಿಳಿ ಗೆರೆ,
ಕಲಗದ ಚಿಪ್ಪಿನ ಅಂಚಿನ ಹಾಗೆ.
ಇವರು ಕಿವಿಯ ಪೆನ್ಸಿಲು ತೆಗೆದು
ಕೊಯ್ಯುವ ಗುರುತು ಹಾಕಿಯೇಬಿಟ್ಟರು.

ಡಾಕ್ಟರು ನಗಲಿಲ್ಲ.
ಪೆನ್ಸಿಲು ಇಸಕೊಂಡು ಗೆರೆಯನ್ನು
ತುಸು ಎಡಕ್ಕೆ ಸರಿಸಿದರು:
"ಇಲ್ಲಿ ನರವಿದೆ, ಮೇಸ್ತರೆ."