ನಿಲ್ಲಿಸುವ ಕೀಲಿ

ಡಂಡೀ, ಫೆಬ್ರವರಿ. ಮೀಟರಿಗೆ ಹಾಕಿದ ನಾಣ್ಯ ಮುಗಿಯುವುದರೊಳಗೆ
ಮೋರಾಗ್ ಇದೊಂದನ್ನು ಸರಿಮಾಡಬೇಕು.

ನಲವತ್ತೆಂಟು ಕೆ. ಒಂದೇ ಸ್ಪೀಕರು,
ಅದಕ್ಕೆ ಬರುವುದು ಹ್ಞೂಂ, ಉಹ್ಞೂಂ. ಅಷ್ಟೇ.
ಎರಡು ಸ್ವರ ಒಟ್ಟಿಗೆ ಬೇಕೆಂದರೆ
ಬೇಗಬೇಗ ಸುಳ್ಳು ಹೇಳಬೇಕು,
ಇದಕ್ಕಿಷ್ಟು ಅದಕ್ಕಿಷ್ಟು,
ಕಿವಿ ಲೆಕ್ಕ ಕೇಳುವ ಮೊದಲೇ.

ಹಾಡುವಾಗ ಯಂತ್ರ ಕಿವುಡು.
ಯಾವ ಕೀಲಿ ಒತ್ತಿದರೂ ತಿರುಗಿ ನೋಡದು.

ಅಮ್ಮನೂ ಹಾಗೇ. ಕಾರ್ಖಾನೆಯಲ್ಲಿ
ಇಂಥವೇ ಸ್ಪೀಕರಿಗೆ ಬೆಸುಗೆ ಹಾಕುತ್ತ ಗುನುಗುತ್ತಾಳೆ,
ಪಾಳಿ ಮುಗಿದ ಸೈರನ್ನೂ ಕೇಳದೆ.
ಪಕ್ಕದ ಸೆಂಗಾ, ಅವಳು ಉಸಿರೆಳೆಯುವ ಸಂದು ಕಾದು
ಭುಜ ತಟ್ಟುತ್ತಾಳೆ.

ಮೋರಾಗ್ ಪೆನ್ಸಿಲ್ ಕಚ್ಚಿದಳು.
ಸ್ವರಕ್ಕೂ ಸ್ವರಕ್ಕೂ ನಡುವೆ ಹತ್ತು ಬೈಟು:
ಯಾರಾದರೂ ಕರೆದರೇ?
ಇಲ್ಲವೆಂದರೆ ಮುಂದೆ.

ಆ ಸಂದು ಕೇಳಿಸುತ್ತದೆ, ಸಣ್ಣ ಬಿಕ್ಕಳಿಕೆ.
ಇರಲಿ.
ಕ್ಯಾಸೆಟ್ಟಿಗೆ ಇಳಿಸುವಷ್ಟು
ಕರೆಂಟು ಉಳಿದಿದೆಯೋ, ನೋಡಬೇಕು.