ನಿಂತ ನೀರು

ಮೂವತ್ತೊಂದು ವರ್ಷ ಹೊಸನಗರದ ಕೇರಿಕೇರಿ ತಿರುಗಿ
ತೊಟ್ಟಿ, ಟಯರು, ತೆಂಗಿನ ಚಿಪ್ಪು, ಹೂಕುಂಡದಡಿಯ ತಟ್ಟೆ
ಎಲ್ಲ ಬೋರಲು ಹಾಕಿಸಿದವಳು ನಾನು.
ಬ್ಯಾಟರಿ ಬಿಟ್ಟು, ಹುಳ ಎಣಿಸಿ,
ಕದದ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಗೀಚಿ
"ನೀರು ನಿಲ್ಲಿಸಬೇಡ್ರೀ" ಅಂದು
ಮುಂದಿನ ಮನೆ.

ಈಗ ಟಯರಂಗಡಿ ಮೇಲಿನ ನನ್ನ ಬಾಡಿಗೆ ತಾರಸಿಯಲ್ಲಿ
ನೀಲಿ ಡ್ರಮ್ಮು ಅಡ್ಡ ಸೀಳಿಸಿ
ನೀರು ನಿಲ್ಲಿಸಿದ್ದೇನೆ,
ಬೇಕೆಂದೇ.

ಯಾವಾಗ ನೆಡೋದು ಅಂತ ಕೇಳಿದ್ದು
ಕಲ್ಲುಕಣಿಯ ದುಗ್ಗಪ್ಪನನ್ನು.
ಅಲ್ಲಿ ಹಾಸುಗಲ್ಲಿನ ಮೇಲೆ ಅಂಗೈಯಗಲ ಜೌಗು,
ಅದರಲ್ಲಿ ಕೆಂಪಗೆ, ಮೈತುಂಬ ಅಂಟು ಹನಿ ಹೊತ್ತ ಗಿಡ.
ಪುಸ್ತಕದಲ್ಲಿ ಡ್ರಾಸೆರ. ಅವನಿಗೆ ನೊಣಹಿಡುಕ.

ಬೀಡಿ ಆರಿಸಿ, ಬೆರಳ ಗೆಣ್ಣಿನಲ್ಲಿ ಮಳೆ ಎಣಿಸಿದ:
"ಆರಿದ್ರೆಲಿ ಬ್ಯಾಡ. ಬೀಜ ಅಂದ್ರೆ ನಶ್ಯದ ಪುಡಿ,
ಕೊಚ್ಚಿ ಹೋಗ್ತದೆ.
ಪುಷ್ಯದಾಗೆ ಗಿಡ ಉಸಿರು ಬಿಗಿಹಿಡಿದಿರ್ತದೆ, ಮುಟ್ಟಬ್ಯಾಡಿ.
ಮಘೆ ಮುಗೀಲಿ.
ಹುಬ್ಬೆಯಾಗೆ ಒಂದು ದಿನ ಬೆಳಗಾ ಮಳೆ ಬಂದು
ಮಧ್ಯಾಹ್ನ ಬಿಸಿಲು ಕಣ್ಣು ಬಿಡ್ತದಲ್ಲ,
ಆವತ್ತು.
ಚಳಿ ಬೀಳೋದ್ರೊಳಗೆ ಬೇರು ಕೂರ್ಬೇಕು.
ಬೇರು ಅಂತ ಏನದೆ ಅದಕ್ಕೆ,
ಹೊಲಿಗೆ ಬಿಚ್ಚಿದ ದಾರ."

ಮೊದಲ ವರ್ಷ, ಪ್ರೀತಿಗೆ, ಒಂದು ಹಿಡಿ ಸಗಣಿಗೊಬ್ಬರ.
ಹತ್ತು ದಿನಕ್ಕೆ ಕಪ್ಪಾಗಿ ಕರಗಿತು.
ಎರಡನೇ ವರ್ಷ ನವೆಂಬರಿನಲ್ಲಿ ಮಳೆನೀರಿನ ಕೊಡ ಬರಿದಾಗಿ
ನಲ್ಲಿ ತಿರುಗಿಸಿದೆ.
ಬ್ಲೀಚಿಂಗ್ ಪುಡಿಯ ವಾಸನೆ, ಗೊತ್ತಿದ್ದ ವಾಸನೆ.
ಊರ ಬಾವಿಗಳಿಗೆಲ್ಲ ಅದನ್ನು ಅಳೆದು ಸುರಿದ ಕೈ ಇದೇ.

ಮೂರನೇ ವರ್ಷ ಏನೂ ಕೊಡಲಿಲ್ಲ.
ತೊಳೆದ ಮರಳು, ಜಂಬಿಟ್ಟಿಗೆ ಪುಡಿ, ಹಳ್ಳದ ಹಾವಸೆ.
ಸತ್ವ ಎಂಬುದೇ ಇಲ್ಲದ ಮಣ್ಣು.
ಒಂದು ಬದಿ ದಿಬ್ಬ, ಒಂದು ಬದಿ ನೀರು,
ನೀರಿನಲ್ಲಿ ಹಳದಿ ಹೂವಿನ ತೇಲುಬಳ್ಳಿ,
ಎಳೆಎಳೆಗೂ ಎಳ್ಳಿನಷ್ಟು ಚೀಲ.
ಹುಬ್ಬೆಯ ಆರನೇ ದಿನ ಬಿಸಿಲು ಬಂತು.
ಕನ್ನಡಕ ಹಾಕಿಕೊಂಡು, ಚಿಮಟದಲ್ಲಿ, ಒಂದೊಂದೇ ನೆಟ್ಟೆ.

ನಿನ್ನೆ ಹೊಸ ಹುಡುಗಿ ಸುಮೈಯಾ ಬಂದಳು,
ನನ್ನದೇ ಏರಿಯಾ, ನನ್ನದೇ ಫಾರಂ.
ಡ್ರಮ್ಮು ಕಂಡು ನಿಂತುಬಿಟ್ಟಳು.
"ಜಸಿಂತಾ ಸಿಸ್ಟರ್, ನೀವೇ ಹಿಂಗೆ ಮಾಡಿದ್ರೆ?"
ಬ್ಯಾಟರಿ ಬಿಡು ಅಂದೆ.

ಬಗ್ಗಿದಳು. ಹುಳ ಹುಡುಕಿದಳು,
ನಾನು ಹುಡುಕುತ್ತಿದ್ದ ಹಾಗೇ, ತುಟಿ ಕಚ್ಚಿ.
ಒಂದು ಮರಿ ಕೊಂಕಿ ಕೊಂಕಿ ಬಳ್ಳಿಯ ಹತ್ತಿರ ಬಂತು,
ಇತ್ತು,
ಇಲ್ಲ.
"ಎಲ್ಲಿ ಹೋಯ್ತು?"

ಇದು ಒಂದು ಡ್ರಮ್ಮಿನ ಲೆಕ್ಕ, ಊರಿನದಲ್ಲ,
ಬೇರೆಲ್ಲ ಕಡೆ ಚೆಲ್ಲಿಸು ಅಂದೆ. ತಲೆಯಾಡಿಸಿದಳು.
ಫಾರಂನಲ್ಲಿ ಎರಡೇ ಕಾಲಂ: ಚೆಲ್ಲಿದೆ, ಮುಚ್ಚಿದೆ.
ಪೆನ್ನು ಎರಡರ ನಡುವೆ ತುಂಬ ಹೊತ್ತು ನಿಂತಿತು.

ಆಮೇಲೆ ಕೆಳಗಿಳಿಯುತ್ತ, ಅರ್ಧ ಮೆಟ್ಟಿಲಲ್ಲಿ ತಿರುಗಿ:
"ಹುಬ್ಬೆ ಅಂದ್ರೆ ಯಾವ ತಿಂಗಳು, ಸಿಸ್ಟರ್?"